ಸೀಳು ತುಟಿ ಎಡಗಡೆಗೇ ಏಕೆ ಜಾಸ್ತಿ?

ಸೀಳು ತುಟಿಯೊಂದಿಗೆ ಹುಟ್ಟಿದ ಹತ್ತು ಮಕ್ಕಳಲ್ಲಿ ಸುಮಾರು 6 ಮಕ್ಕಳಿಗೆ ಸೀಳು ಎಡಗಡೆ ಇರುತ್ತದೆ. 3 ಮಕ್ಕಳಿಗೆ ಬಲಗಡೆ. ಉಳಿದ ಒಂದು ಮಗುವಿಗೆ ಎರಡೂ ಕಡೆ. ಈ 6:3:1 ಲೆಕ್ಕ ಒಂದು ಊರಿನದಲ್ಲ. ಯುರೋಪಿನಲ್ಲೂ ಏಷ್ಯಾದಲ್ಲೂ ಹೆಚ್ಚುಕಡಿಮೆ ಹೀಗೇ ಇದೆ. ಗಂಡುಮಕ್ಕಳಲ್ಲೂ ಎಡವೇ ಜಾಸ್ತಿ, ಹೆಣ್ಣುಮಕ್ಕಳಲ್ಲೂ ಎಡವೇ ಜಾಸ್ತಿ. ಮುಖದ ಎರಡೂ ಬದಿಗೆ ಒಂದೇ ಗರ್ಭ, ಒಂದೇ ರಕ್ತ, ಅದೇ ಜೀನ್‌ಗಳು. ಹಾಗಿದ್ದ ಮೇಲೆ ಪಾಲು ಸಮಸಮ ಆಗಬೇಕಿತ್ತು, ಅಲ್ವಾ? ಆಗಿಲ್ಲ.

ನಾನು ಮುಂಬೈಯಲ್ಲಿ ಸ್ಪೀಚ್ ಥೆರಪಿ ಮಾಡುತ್ತೇನೆ. ಪರೇಲಿನಲ್ಲಿ ಕೆಇಎಂ, ವಾಡಿಯಾ ಮಕ್ಕಳ ಆಸ್ಪತ್ರೆ, ಟಾಟಾ ಮೆಮೋರಿಯಲ್ ಎಲ್ಲ ನಡೆದುಹೋಗುವಷ್ಟು ಹತ್ತಿರ. ಕಲಬುರಗಿ, ವಿಜಯಪುರದ ಕಡೆಯಿಂದ ರಾತ್ರಿ ರೈಲು ಹತ್ತಿ ಬರುವವರು ಇಲ್ಲಿ ಬಹಳ. ಡೊಂಬಿವಲಿ, ಮುಲುಂಡಿನ ನಮ್ಮವರೂ ಬರುತ್ತಾರೆ. ನನಗೆ ಕನ್ನಡ ಬರುತ್ತದೆ ಅಂತ ಗೊತ್ತಾದ ಕೂಡಲೇ ಕೇಸ್ ಪೇಪರ್ ನನ್ನ ಕೈಗೆ ಬರುತ್ತದೆ. "ಇದರಾಗ ಏನ್ ಬರದಾರ, ಸ್ವಲ್ಪ ಓದಿ ಹೇಳ್ರಿ." ಓದಿ ಹೇಳಿದರೆ ಮುಂದಿನ ಪ್ರಶ್ನೆ ಸಿದ್ಧವಾಗಿರುತ್ತದೆ: ಎಡಕ್ಕೇ ಯಾಕ ಬಂತು?

ಉತ್ತರವೂ ಅಲ್ಲೇ ಇರುತ್ತದೆ, ಜೊತೆಗೆ ಬಂದ ಅಜ್ಜಿಯ ಹತ್ತಿರ. ಬಸುರಿ ಎಡಮಗ್ಗುಲಲ್ಲಿ ಮಲಗಿದ್ದಳು, ಅದಕ್ಕೇ ಮಗುವಿನ ಎಡ ತುಟಿ ಒತ್ತಿಹೋಯಿತು. ಕೇಳಲು ಸರಿ ಅನಿಸುತ್ತದೆ. ಎಡಮಗ್ಗುಲಲ್ಲಿ ಮಲಗಿ ಅಂತ ಡಾಕ್ಟರೇ ಹೇಳಿರುತ್ತಾರೆ. ಆದರೆ ಆ ಸಲಹೆ ಕೊಡುವುದು ಹೊಟ್ಟೆ ದೊಡ್ಡದಾದ ಮೇಲೆ, ಕೊನೆಯ ತಿಂಗಳುಗಳಲ್ಲಿ. ಮೇಲ್ತುಟಿ ಕೂಡಿಕೊಳ್ಳುವುದು 6ನೇ, 7ನೇ ವಾರದಲ್ಲಿ. ಆಗ ಭ್ರೂಣದ ಉದ್ದ ಒಂದೆರಡು ಸೆಂಟಿಮೀಟರ್ ಕೂಡ ಇರುವುದಿಲ್ಲ. ಎಷ್ಟೋ ತಾಯಂದಿರಿಗೆ ತಾವು ಬಸುರಿ ಅನ್ನುವುದೇ ಆಗ ಖಾತ್ರಿಯಾಗಿರುವುದಿಲ್ಲ.

ಇನ್ನೊಂದು ವಾದ ಗ್ರಹಣದ್ದು. ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಟ್ಟಿದಳು, ಮಗುವಿನ ತುಟಿ ಹರಿಯಿತು. ಕರ್ನಾಟಕದಲ್ಲೂ ಮಹಾರಾಷ್ಟ್ರದಲ್ಲೂ ಇದನ್ನು ನಂಬುವವರಿದ್ದಾರೆ. ಸೊಸೆಯ ತಲೆಗೆ ಸುಮ್ನೆ ಅಪವಾದ ಕಟ್ಟುವ ಈ ಮಾತು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಗ್ರಹಣ ಬರುವುದು ವರ್ಷಕ್ಕೆ ಕೆಲವೇ ಸಲ. ಸೀಳು ತುಟಿಯ ಮಕ್ಕಳು ವರ್ಷವಿಡೀ ಹುಟ್ಟುತ್ತಾರೆ. ಗ್ರಹಣದ ಲೆಕ್ಕವನ್ನೇ ಯಾರೂ ಇಡದ ದೇಶಗಳಲ್ಲೂ ಹುಟ್ಟುತ್ತಾರೆ, ಅಲ್ಲೂ ಎಡಕ್ಕೇ ಜಾಸ್ತಿ. ಈಳಿಗೆಮಣೆಗೆ ಎಡ-ಬಲ ತಿಳಿಯುವುದಾದರೂ ಹೇಗೆ?

ಹಾಗಾದರೆ ಕಾರಣ ಏನು? ಅದಕ್ಕೆ ಮೊದಲು ಒಂದು ಚಿಕ್ಕ ಗೊಂದಲ ಬಿಡಿಸಿಕೊಳ್ಳಬೇಕು.

ಯಾರ ಎಡ?

ಕೇಸ್ ಪೇಪರಿನಲ್ಲಿ "ಲೆಫ್ಟ್" ಅಂದರೆ ಮಗುವಿನ ಎಡ. ನೀವು ಮಗುವನ್ನು ಎದುರಿಗೆ ಮಲಗಿಸಿಕೊಂಡು ನೋಡಿದರೆ ಅದು ನಿಮ್ಮ ಬಲಗೈ ಕಡೆ ಕಾಣುತ್ತದೆ. ಇಷ್ಟು ಸರಳ ವಿಷಯಕ್ಕೆ ಮನೆಮಂದಿ ಗಾಬರಿಯಾಗುವುದನ್ನು ನೋಡಿದ್ದೇನೆ. "ಡಾಕ್ಟರ್ ತಪ್ಪು ಬರೆದಿದ್ದಾರೆ, ನಮ್ಮ ಮಗುವಿಗೆ ಬಲಗಡೆ ಇದೆ" ಅಂತ. ಮೊಬೈಲ್ ಈ ಗೊಂದಲವನ್ನು ಇನ್ನೂ ಹೆಚ್ಚಿಸಿದೆ. ಮುಂದಿನ ಕ್ಯಾಮೆರಾದಲ್ಲಿ ತೆಗೆದ ಫೋಟೋವನ್ನು ಕೆಲವು ಫೋನ್‌ಗಳು ಕನ್ನಡಿಯಲ್ಲಿ ಕಂಡ ಹಾಗೆಯೇ ತಿರುಗಿಸಿ ಉಳಿಸಿಕೊಳ್ಳುತ್ತವೆ. ಊರಿಂದ ವಾಟ್ಸಾಪಿನಲ್ಲಿ ಬಂದ ಫೋಟೋ ನೋಡಿ ಬದಿ ಹೇಳಬಾರದು ಅನ್ನುವುದು ನಾನು ಪಾಲಿಸುವ ನಿಯಮ. ಮುಂಬೈ ಆಸ್ಪತ್ರೆಯ ವಾರ್ಡುಗಳಲ್ಲಿ ಮರಾಠಿಯಲ್ಲಿ ಮಾತಾಡುವಾಗ "ಡಾವಾ" ಅಂದರೆ ಎಡ, "ಉಜವಾ" ಅಂದರೆ ಬಲ. ಇದನ್ನೂ ನೆನಪಿಟ್ಟುಕೊಳ್ಳಿ.

ಈ ಗೊಂದಲ ಡಾಕ್ಟರುಗಳಿಗೂ ಗೊತ್ತು. ಅದಕ್ಕೇ ಅವರು ಚಿತ್ರ ಬರೆಯುತ್ತಾರೆ. 1971ರಲ್ಲಿ ಕೆರ್ನಾಹನ್ ಅನ್ನುವ ಸರ್ಜನ್ ಇಂಗ್ಲಿಷಿನ 'ವೈ' ಅಕ್ಷರದ ಆಕಾರದ ಒಂದು ನಕ್ಷೆ ಕೊಟ್ಟರು. ಮೇಲಿನ ಎರಡು ಕವಲು ಎಂದರೆ ತುಟಿ ಮತ್ತು ಒಸಡಿನ ಬಲ, ಎಡ ಬದಿಗಳು. ಕೆಳಗಿನ ಕಾಂಡ ಎಂದರೆ ಅಂಗುಳ. ಎಲ್ಲಿಂದ ಎಲ್ಲಿಯವರೆಗೆ ಸೀಳು ಇದೆಯೋ ಅಷ್ಟಕ್ಕೆ ಗೆರೆ ಎಳೆದು ತುಂಬಿದರೆ ಆಯಿತು. ಜರ್ಮನಿಯ ಓಟ್ಟೊ ಕ್ರೀನ್ಸ್ ಅದನ್ನೇ ಅಕ್ಷರಗಳಲ್ಲಿ ಬರೆಯುವ ದಾರಿ ಹುಡುಕಿದರು. ಲಾಹ್‌ಶಾಲ್ ಎಂದು ಅದನ್ನು ಕರೆಯುತ್ತಾರೆ. ಮಗುವಿನ ಬಲ ತುಟಿಯಿಂದ ಶುರುಮಾಡಿ ಒಸಡು, ಗಟ್ಟಿ ಅಂಗುಳ, ಮೆತ್ತನೆ ಅಂಗುಳ ದಾಟಿ ಮತ್ತೆ ಎಡ ತುಟಿಯವರೆಗೆ ಒಂದೊಂದು ಅಕ್ಷರ. ಪೂರ್ತಿ ಸೀಳಿದ್ದರೆ ದೊಡ್ಡಕ್ಷರ, ಅರ್ಧ ಸೀಳಿದ್ದರೆ ಚಿಕ್ಕಕ್ಷರ. ನಮ್ಮಲ್ಲೇ ಹುಟ್ಟಿದ ಒಂದು ಪದ್ಧತಿಯೂ ಇದೆ. ನಾಗಪುರದ ಸಿ. ಬಾಲಕೃಷ್ಣನ್ 1975ರಲ್ಲಿ ಪ್ರಕಟಿಸಿದ ಭಾರತೀಯ ವರ್ಗೀಕರಣದಲ್ಲಿ ಒಂದನೇ ಗುಂಪು ತುಟಿ ಸೀಳು, ಎರಡನೇದು ಅಂಗುಳ ಸೀಳು, ಮೂರನೇದು ಎರಡೂ ಸೇರಿದ್ದು. ಮಹಾರಾಷ್ಟ್ರದ ಕೇಸ್ ಪೇಪರಿನಲ್ಲಿ "ಗ್ರೂಪ್ ಥ್ರೀ ಲೆಫ್ಟ್" ಅಂತ ಕಂಡರೆ ಎಡಬದಿಯ ತುಟಿಯೂ ಸೀಳಿದೆ, ಅಂಗುಳವೂ ಸೀಳಿದೆ ಎಂದು ಓದಿಕೊಳ್ಳಿ.

ಬರೀ ಅಂಗುಳ ಸೀಳಿ ತುಟಿ ಚೆನ್ನಾಗಿರುವ ಮಕ್ಕಳೂ ಇದ್ದಾರೆ. ಅವರಿಗೆ ಈ ಎಡ-ಬಲದ ಮಾತೇ ಇಲ್ಲ. ಸೀಳು ನಡುಮಧ್ಯದಲ್ಲಿರುತ್ತದೆ. ಡೆನ್ಮಾರ್ಕಿನ ಪೌಲ್ ಫೋ-ಆಂಡರ್ಸನ್ 1942ರಲ್ಲೇ ತೋರಿಸಿದರು, ತುಟಿಯ ಸೀಳಿನ ಮನೆತನವೇ ಬೇರೆ, ಬರೀ ಅಂಗುಳದ ಸೀಳಿನ ಮನೆತನವೇ ಬೇರೆ ಅಂತ. ತುಟಿ ಸೀಳು ಗಂಡುಮಕ್ಕಳಲ್ಲಿ ಜಾಸ್ತಿ. ಬರೀ ಅಂಗುಳ ಸೀಳು ಹೆಣ್ಣುಮಕ್ಕಳಲ್ಲಿ ಜಾಸ್ತಿ.

ಮುಖ ಕೂಡುವ ವಾರಗಳು

ಮುಖ ಒಂದೇ ತುಂಡಾಗಿ ಬೆಳೆಯುವುದಿಲ್ಲ. ನಾಲ್ಕನೇ ವಾರದ ಹೊತ್ತಿಗೆ ಬಾಯಿ ಆಗಬೇಕಾದ ಕುಳಿಯ ಸುತ್ತ ಕೆಲವು ಉಬ್ಬುಗಳು ಏಳುತ್ತವೆ. ಮೇಲಿನಿಂದ ಮೂಗಿನ ಉಬ್ಬುಗಳು ಇಳಿದು ಬರುತ್ತವೆ. ಎರಡೂ ಕೆನ್ನೆ ಕಡೆಯಿಂದ ಮೇಲ್ದವಡೆಯ ಉಬ್ಬುಗಳು ಒಳಗೆ ಸರಿಯುತ್ತವೆ. ಎಡದಲ್ಲೊಂದು, ಬಲದಲ್ಲೊಂದು ಕಡೆ ಇವು ಮೂಗಿನ ಉಬ್ಬನ್ನು ಮುಟ್ಟಬೇಕು. ಮುಟ್ಟಿದರೆ ಸಾಲದು, ನಡುವಿನ ತೆಳು ಪದರ ಕರಗಿ ಎರಡೂ ಒಂದಾಗಬೇಕು. ಕನ್ನಡಿಯಲ್ಲಿ ನಿಮ್ಮ ಮೇಲ್ತುಟಿ ನೋಡಿಕೊಳ್ಳಿ. ಮೂಗಿನ ಕೆಳಗೆ ಒಂದು ಚಿಕ್ಕ ತಗ್ಗು, ಅದರ ಎರಡು ಪಕ್ಕದಲ್ಲಿ ಎರಡು ಸಣ್ಣ ದಿಣ್ಣೆ ಕಾಣುತ್ತವೆ. ತುಟಿ ಸೀಳುವುದು ಆ ದಿಣ್ಣೆಯ ಜಾಗದಲ್ಲಿ. ಅದಕ್ಕೇ ಸೀಳು ತುಟಿ ನಟ್ಟನಡುವೆ ಇರುವುದು ಬಹಳ ಅಪರೂಪ. ಒಂದೋ ಎಡ, ಇಲ್ಲ ಬಲ, ಇಲ್ಲ ಎರಡೂ.

ಅಂಗುಳದ ಕೆಲಸ ಶುರುವಾಗುವುದು ಇದಾದ ಮೇಲೆ. ಎರಡು ಮೇಲ್ದವಡೆಗಳಿಂದ ಎರಡು ಹಲಗೆಗಳು ಹುಟ್ಟುತ್ತವೆ. ಮೊದಲು ಅವು ನಾಲಿಗೆಯ ಎಡ-ಬಲದಲ್ಲಿ ನೆಟ್ಟಗೆ ಕೆಳಗೆ ಇಳಿಬಿದ್ದಿರುತ್ತವೆ. 7ನೇ, 8ನೇ ವಾರದಲ್ಲಿ ದವಡೆ ಬೆಳೆದು ನಾಲಿಗೆ ಕೆಳಗಿಳಿದಾಗ ಹಲಗೆಗಳು ಮೇಲೆದ್ದು ಅಡ್ಡಲಾಗುತ್ತವೆ. ಆಮೇಲೆ ಒಂದರ ಕಡೆಗೊಂದು ಬೆಳೆದು, ಮುಂದಿನಿಂದ ಹಿಂದಕ್ಕೆ ಕೂಡುತ್ತ ಹೋಗಿ, 12ನೇ ವಾರದ ಹೊತ್ತಿಗೆ ಕಿರುನಾಲಿಗೆಯವರೆಗೂ ಮುಚ್ಚಿಕೊಳ್ಳುತ್ತವೆ.

ಹಳೇ ಮನೆಗಳ ಎರಡು ಕದದ ಬಾಗಿಲು ನೋಡಿದ್ದೀರಲ್ಲ, ಅದರ ಹಾಗೆ ಅಂದುಕೊಳ್ಳಿ. ಎರಡೂ ಕದ ಒಂದೇ ಸಲಕ್ಕೆ ಮುಚ್ಚುವುದಿಲ್ಲ. ಒಂದು ಮುಂಚೆ, ಒಂದು ಆಮೇಲೆ. ಭ್ರೂಣಗಳನ್ನು ಸಾಲಾಗಿಟ್ಟು ನೋಡಿದವರಿಗೆ ಕಂಡದ್ದು ಇದೇ: ಬಲದ ಹಲಗೆ ಮೊದಲು ಏಳುತ್ತದೆ, ಎಡದ್ದು ಸ್ವಲ್ಪ ಹಿಂದೆ ಬೀಳುತ್ತದೆ. 1969ರಲ್ಲಿ ಬರ್ಡಿ ಮತ್ತು ಸಿಲ್ವಿ ಅನ್ನುವ ಸಂಶೋಧಕರು ಇದೇ ದಾರಿಯಲ್ಲಿ ಇನ್ನೊಂದು ವಿಷಯ ತೋರಿಸಿದರು. ಹೆಣ್ಣು ಭ್ರೂಣಗಳಲ್ಲಿ ಹಲಗೆಗಳು ಗಂಡಿಗಿಂತ ಸುಮಾರು ಒಂದು ವಾರ ತಡವಾಗಿ ಅಡ್ಡಲಾಗುತ್ತವೆ. ಬರೀ ಅಂಗುಳ ಸೀಳು ಹೆಣ್ಣುಮಕ್ಕಳಲ್ಲಿ ಯಾಕೆ ಜಾಸ್ತಿ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನಾನು ನೋಡಿಲ್ಲ. ಬಾಗಿಲು ತೆರೆದಿರುವ ಹೊತ್ತು ಹೆಚ್ಚಾದಷ್ಟೂ ಏನಾದರೂ ಎಡವಟ್ಟಾಗುವ ಅವಕಾಶ ಹೆಚ್ಚು.

ಎಡವೋ, ತಡವೋ

ನನ್ನ ಲೆಕ್ಕದಲ್ಲಿ ವಿಷಯದ ತಿರುಳು ಇಲ್ಲಿದೆ. ದೇಹದ ಬೇರೆ ಕಡೆ ನೋಡಿದರೆ ಇದು ಇನ್ನೂ ಚೆನ್ನಾಗಿ ಕಾಣುತ್ತದೆ.

ಎದೆ ಮತ್ತು ಹೊಟ್ಟೆಯ ನಡುವಿನ ಪರದೆ ಮುಚ್ಚದೆ ಹುಟ್ಟುವ ಮಕ್ಕಳಿದ್ದಾರೆ. ಅವರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿಗೆ ತೂತು ಎಡಗಡೆ ಇರುತ್ತದೆ. ಆ ಪರದೆಯ ಎಡದ ಕಿಂಡಿ ಬಲದ್ದಕ್ಕಿಂತ ತಡವಾಗಿ ಮುಚ್ಚುತ್ತದೆ. ಈಗ ತೊಡೆಸಂದಿನ ಹರ್ನಿಯಾ ತೆಗೆದುಕೊಳ್ಳಿ. ಗಂಡುಮಕ್ಕಳಲ್ಲಿ ಅದು ಬಲಗಡೆ ಜಾಸ್ತಿ. ಯಾಕೆಂದರೆ ಅಲ್ಲಿ ಬಲದ ಬೀಜ ತಡವಾಗಿ ಕೆಳಗಿಳಿಯುತ್ತದೆ, ಬಲದ ದಾರಿ ತಡವಾಗಿ ಮುಚ್ಚುತ್ತದೆ. ಅಂದರೆ ಎಡಗಡೆಗೆ ಯಾವ ಶಾಪವೂ ಇಲ್ಲ. ಎಡ ಅನ್ನುವುದಕ್ಕಿಂತ ತಡ ಅನ್ನುವುದೇ ಕಾರಣ. ಯಾವ ಬದಿ ಕೊನೆಗೆ ಕೂಡುತ್ತದೋ ಆ ಬದಿ ಕೈಕೊಡುವುದು ಜಾಸ್ತಿ.

ತುಟಿಗೂ ಇದೇ ತರ್ಕ ಹಿಡಿಸುತ್ತದೆ ಎಂದು ಬಹಳ ಜನ ಭಾವಿಸುತ್ತಾರೆ. ಆದರೆ ಅಂಗುಳದಲ್ಲಿ ತಡ ಕಣ್ಣಿಗೆ ಕಂಡ ಹಾಗೆ ತುಟಿಯಲ್ಲಿ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಇದನ್ನು ಹೇಳದೆ ಮುಂದೆ ಹೋದರೆ ಮೋಸವಾಗುತ್ತದೆ. ರಕ್ತನಾಳದ ವಾದವೂ ಒಂದಿದೆ. ಬಲಗಡೆ ಕತ್ತಿನ ದೊಡ್ಡ ರಕ್ತನಾಳ ಒಂದು ಸಾಮಾನ್ಯ ಕಾಂಡದಿಂದ ಕವಲೊಡೆಯುತ್ತದೆ, ಎಡಗಡೆಯದು ನೇರ ಮಹಾಪಧಮನಿಯಿಂದ ಹೊರಡುತ್ತದೆ. ಈ ವ್ಯತ್ಯಾಸದಿಂದ ಮುಖದ ಬಲಭಾಗಕ್ಕೆ ರಕ್ತ ಮೊದಲು ಸರಿಯಾಗಿ ಸಿಗುತ್ತದೆ ಎಂಬುದು ಊಹೆ. ನನಗೆ ಇದು ಅಷ್ಟಾಗಿ ಒಪ್ಪಿಗೆಯಿಲ್ಲ. ತುಟಿ ಕೂಡುವ ವಾರಗಳಲ್ಲಿ ಆ ರಕ್ತನಾಳಗಳೇ ಇನ್ನೂ ರೂಪ ಬದಲಿಸುತ್ತಿರುತ್ತವೆ.

ಎಡ-ಬಲದ ತೀರ್ಮಾನ ಅದಕ್ಕೂ ಮೊದಲೇ ಆಗಿರುತ್ತದೆ, ಮೂರನೇ ವಾರದಲ್ಲಿ, ಮುಖದ ಗುರುತೂ ಇಲ್ಲದಿರುವಾಗ. 1998ರಲ್ಲಿ ಜಪಾನಿನಲ್ಲಿ ಹಿರೋಕಾವಾ ಅವರ ತಂಡ ಇಲಿಯ ಭ್ರೂಣದಲ್ಲಿ ಒಂದು ಸೋಜಿಗ ತೋರಿಸಿತು. ಭ್ರೂಣದ ನಡುವೆ ಒಂದು ಪುಟ್ಟ ಗುಳಿ. ಅದರಲ್ಲಿ ಸೂಕ್ಷ್ಮ ರೋಮಗಳು ಗಿರಗಿರ ತಿರುಗುತ್ತವೆ. ಅವು ತಿರುಗುವ ರಭಸಕ್ಕೆ ಅಲ್ಲಿನ ದ್ರವ ಎಡಕ್ಕೆ ಹರಿಯುತ್ತದೆ. ಆ ಹರಿವಿನಿಂದ ಎಡಬದಿಯಲ್ಲಿ ಮಾತ್ರ ಕೆಲವು ಜೀನ್‌ಗಳು ಎಚ್ಚರಗೊಳ್ಳುತ್ತವೆ. ನೋಡಲ್, ಲೆಫ್ಟಿ, ಪಿಟ್ಎಕ್ಸ್-2 ಅಂತ ಅವುಗಳ ಹೆಸರು. ಹೃದಯ ಎಡಕ್ಕೆ, ಯಕೃತ್ತು ಬಲಕ್ಕೆ ಹೋಗುವುದು ಈ ಲೆಕ್ಕದಿಂದ. ಪಿಟ್ಎಕ್ಸ್-2 ಕೆಟ್ಟರೆ ಕಣ್ಣು, ಹಲ್ಲುಗಳ ಬೆಳವಣಿಗೆಯಲ್ಲಿ ತೊಂದರೆ ಬರುತ್ತದೆ. ಅಂದರೆ ಎಡ-ಬಲ ನೋಡಿಕೊಳ್ಳುವ ಜೀನ್ ಮುಖದಲ್ಲೂ ಕೈಯಾಡಿಸುತ್ತದೆ. ಮುಖ ಹೊರಗಿನಿಂದ ಸಮಸಮ ಕಂಡರೂ ಅದರ ಎರಡು ಬದಿಗಳಿಗೆ ತಾವು ಯಾವ ಬದಿ ಅನ್ನುವುದು ಗೊತ್ತು ಎನ್ನಲು ಇದು ಒಂದು ಸುಳಿವು.

ಒಂದು ತಮಾಷೆಯ ಲೆಕ್ಕ. ಹೃದಯ ಬಲಕ್ಕೆ, ಯಕೃತ್ತು ಎಡಕ್ಕೆ, ಹೀಗೆ ಎಲ್ಲ ತಿರುಗುಮುರುಗಾಗಿ ಹುಟ್ಟುವವರು ಸುಮಾರು 10,000ಕ್ಕೆ ಒಬ್ಬರು. ಅಂಥವರಿಗೆ ಸೀಳು ತುಟಿ ಬಂದರೆ ಬಲಗಡೆ ಜಾಸ್ತಿ ಬರಬೇಕಲ್ಲ? ನೋಡಿದರೆ ವಾದ ಇತ್ಯರ್ಥವಾಗುತ್ತದೆ. ಆದರೆ ಸೀಳು ತುಟಿಯೇ ಸುಮಾರು 1,000ಕ್ಕೆ ಒಂದು. ಎರಡೂ ಒಟ್ಟಿಗೆ ಬರುವುದು ಕೋಟಿಗೊಂದು. ಇಡೀ ಮುಂಬೈಯನ್ನು ಜಾಲಾಡಿದರೂ ಒಬ್ಬಿಬ್ಬರು ಸಿಕ್ಕರೆ ಹೆಚ್ಚು.

ಇನ್ನೊಂದು ಮಾತು ಇಲ್ಲಿ ಸ್ಪಷ್ಟವಾಗಬೇಕು. ಸೀಳಿಗೆ ಕಾರಣವಾಗುವ ಸಂಗತಿಗಳೇ ಬೇರೆ. ಕೆಲವು ಜೀನ್‌ಗಳು, ಬೀಡಿ-ಸಿಗರೇಟಿನ ಹೊಗೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ಫಿಟ್ಸ್‌ಗೆ ಕೊಡುವ ಕೆಲವು ಮಾತ್ರೆಗಳು, ಇಂಥವು. ಇವು ಎಡವನ್ನು ಆರಿಸಿಕೊಂಡು ಬರುವುದಿಲ್ಲ. ಎರಡೂ ಬದಿಯ ಕೆಲಸವನ್ನು ನಿಧಾನ ಮಾಡುತ್ತವೆ. ಬಲಕ್ಕೆ ಸ್ವಲ್ಪ ಸಮಯ ಕೈಯಲ್ಲಿದ್ದರೆ ಅದು ಹೇಗೋ ಸುಧಾರಿಸಿಕೊಳ್ಳುತ್ತದೆ, ಎಡ ಸಿಕ್ಕಿಬೀಳುತ್ತದೆ. ಪೆಟ್ಟು ಜೋರಾಗಿದ್ದರೆ ಎರಡೂ ಸಿಕ್ಕಿಬೀಳುತ್ತವೆ. ಎರಡೂ ಬದಿ ಸೀಳಿದ ಮಕ್ಕಳಲ್ಲಿ ಅಂಗುಳವೂ ಸೀಳಿರುವುದು ನೂರಕ್ಕೆ ಸುಮಾರು 85 ಮಂದಿಗೆ, ಒಂದೇ ಬದಿ ಸೀಳಿದವರಲ್ಲಿ ಸುಮಾರು 70 ಮಂದಿಗೆ. ಮುಂದಿನ ಮಗುವಿಗೂ ಬರುವ ಸಂಭವ ಸಾಮಾನ್ಯವಾಗಿ ನೂರಕ್ಕೆ 3ರಿಂದ 5. ಮೊದಲ ಮಗುವಿಗೆ ಎರಡೂ ಬದಿ ಸೀಳಿದ್ದರೆ ಅದು ಸ್ವಲ್ಪ ಏರುತ್ತದೆ.

ಹಾಗಾದರೆ ಬಲಗಡೆ ಮಾತ್ರ ಸೀಳಿದ ಆ ಮೂರು ಮಕ್ಕಳು? ತಡದ ತರ್ಕವೊಂದೇ ನಿಜವಾಗಿದ್ದರೆ ಅವರು ಇರಲೇಬಾರದಿತ್ತು. ಅವರಿದ್ದಾರೆ ಅನ್ನುವುದೇ ಹೇಳುತ್ತದೆ, ಇಲ್ಲಿ ಅದೃಷ್ಟದ ಆಟವೂ ಸಾಕಷ್ಟಿದೆ. ಒಂದೇ ಜೀನ್‌ಗಳಿರುವ ತದ್ರೂಪಿ ಅವಳಿಗಳಲ್ಲೇ ಒಬ್ಬರಿಗೆ ಸೀಳು ಬಂದು ಇನ್ನೊಬ್ಬರಿಗೆ ಬಾರದೆ ಇರುವುದು ಎಷ್ಟೋ ಸಲ ನಡೆಯುತ್ತದೆ. ಇಬ್ಬರಿಗೂ ಬರುವುದು ಸುಮಾರು ಅರ್ಧದಷ್ಟು ಜೋಡಿಗಳಲ್ಲಿ. ಎಡಕ್ಕೆ ವಾಲಿಸಿದ ದಾಳ ಇದು. ಉರುಳುವುದು ಮಾತ್ರ ಅದರ ಪಾಡಿಗೆ.

ಬದಿ ಬದಲಾದರೆ ಏನು ಬದಲಾಗುತ್ತದೆ?

ಬಹಳ ಬದಲಾಗುವುದಿಲ್ಲ. ಬದಲಾಗುವುದರಲ್ಲಿ ಮೊದಲನೆಯದು ಹಾಲು ಕುಡಿಸುವ ಭಂಗಿ. ಬರೀ ತುಟಿ ಸೀಳಿದ್ದು ಅಂಗುಳ ಸರಿಯಿದ್ದರೆ ಎಷ್ಟೋ ಮಕ್ಕಳು ತಾಯಿಯ ಹಾಲನ್ನೇ ಕುಡಿಯುತ್ತಾರೆ. ಸೀಳಿದ ಬದಿ ಮೇಲಕ್ಕೆ ಬರುವಂತೆ ಹಿಡಿದುಕೊಂಡರೆ ಮೊಲೆಯ ಮೆತ್ತನೆಯ ಭಾಗವೇ ಸೀಳನ್ನು ಮುಚ್ಚುತ್ತದೆ. ಎಡ ಸೀಳಿನ ಮಗುವನ್ನು ಎಡಮೊಲೆಗೆ ಮಾಮೂಲಿನಂತೆ ಅಡ್ಡ ಮಲಗಿಸಿಕೊಂಡರೆ ಇದು ತಾನಾಗಿ ಆಗುತ್ತದೆ. ಬಲಮೊಲೆಗೆ ಹಾಕುವಾಗ ಮಗುವಿನ ಮೈಯನ್ನು ಕಂಕುಳ ಕೆಳಗೆ ಇಟ್ಟುಕೊಳ್ಳಬೇಕು. ಬಲ ಸೀಳಿಗೆ ಇದು ತಿರುಗುಮುರುಗು. ನರ್ಸ್ ಒಂದು ಸಲ ಕೈ ಹಿಡಿದು ತೋರಿಸಿದರೆ ಸಾಕು. ಅಂಗುಳವೂ ಸೀಳಿದ್ದರೆ ಮಗುವಿಗೆ ಹಾಲು ಎಳೆಯುವ ಶಕ್ತಿಯೇ ಹುಟ್ಟುವುದಿಲ್ಲ. ಆಗ ಹಿಂಡಿದ ಹಾಲನ್ನು ಚಮಚೆಯಲ್ಲೋ ಒಳಲೆಯಲ್ಲೋ ಕುಡಿಸಬೇಕು, ತಲೆ ಎತ್ತಿ ಹಿಡಿದುಕೊಂಡು.

ಎರಡನೆಯದು ಮೂಗು. ಸೀಳು ತುಟಿಯಲ್ಲಿ ಸರ್ಜನ್‌ಗೆ ತುಟಿಗಿಂತ ಕಷ್ಟ ಕೊಡುವುದು ಮೂಗೇ. ಬಾಯಿಯ ಸುತ್ತ ಒಂದು ಬಳೆಯಂಥ ಸ್ನಾಯು ಇದೆ. ಸೀಳಿನಿಂದ ಅದು ತುಂಡಾಗಿದೆ. ತುಂಡಾದ ಎರಡು ತುದಿಗಳು ಹೋಗಿ ಮೂಗಿನ ಬುಡಕ್ಕೆ ಅಂಟಿಕೊಳ್ಳುತ್ತವೆ, ತಪ್ಪು ಜಾಗಕ್ಕೆ. ಎಡ ಸೀಳಿದ್ದರೆ ಎಡದ ತುದಿ ಎಡ ಹೊಳ್ಳೆಯನ್ನು ಹೊರಕ್ಕೆ ಜಗ್ಗುತ್ತದೆ. ಬಲದ ತುದಿ ಮೂಗಿನ ನಡುಗಂಬವನ್ನು ಬಲಕ್ಕೆ ಎಳೆಯುತ್ತದೆ. ಅದಕ್ಕೇ ಎಡ ಹೊಳ್ಳೆ ಚಪ್ಪಟೆ, ಮೂಗಿನ ತುದಿ ಬಲಕ್ಕೆ ವಾಲಿದೆ. ಒಳಗೆ ಸ್ವಲ್ಪ ಹಿಂದೆ ಹೋದರೆ ಎರಡು ಹೊಳ್ಳೆಗಳ ನಡುವಿನ ಗೋಡೆ ಎಡಕ್ಕೆ ಬಾಗಿ ಎಡ ಮೂಗಿನ ಉಸಿರಿಗೆ ಅಡ್ಡ ಬರುತ್ತದೆ. ಬಲ ಸೀಳಿನಲ್ಲಿ ಇದೆಲ್ಲದರ ಕನ್ನಡಿ ರೂಪ. ಎರಡೂ ಬದಿ ಸೀಳಿದರೆ ಮೂಗು ನೆಟ್ಟಗೇ ಇರುತ್ತದೆ, ಆದರೆ ನಡುಗಂಬ ಗಿಡ್ಡ, ಮುಂದಿನ ಒಸಡಿನ ಮೂಳೆ ಮುಂದಕ್ಕೆ ಚಾಚಿರುತ್ತದೆ.

ತುಟಿಯ ಆಪರೇಷನ್‌ಗೆ ಇವತ್ತು ಹೆಚ್ಚಾಗಿ ಬಳಸುವುದು ಅಮೆರಿಕದ ರಾಲ್ಫ್ ಮಿಲಾರ್ಡ್ 1950ರ ದಶಕದಲ್ಲಿ ರೂಪಿಸಿದ ವಿಧಾನ ಅಥವಾ ಅದರ ಮರಿ-ಮೊಮ್ಮಕ್ಕಳು. ಸೀಳಿಲ್ಲದ ಬದಿಯ ತುಟಿಯನ್ನು ತಿರುಗಿಸಿ ಕೆಳಗಿಳಿಸುವುದು, ಸೀಳಿದ ಬದಿಯದ್ದನ್ನು ಮುಂದೆ ಸರಿಸಿ ಆ ಜಾಗಕ್ಕೆ ಕೂರಿಸುವುದು. ಪಕ್ಕದ ಚರ್ಮವನ್ನು ರಕ್ತದ ನಂಟು ಬಿಡದ ಹಾಗೆ ಸರಿಸಿ ಕೊರತೆ ತುಂಬುವ ಈ ಉಪಾಯ ನಮ್ಮ ಕಡೆ ಹೊಸದೇನಲ್ಲ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ ಜೆಂಟಲ್‌ಮನ್ಸ್ ಮ್ಯಾಗಜೀನ್ ಒಂದು ವರದಿ ಛಾಪಿಸಿತು. ಇಂಗ್ಲಿಷರ ಸೈನ್ಯದ ಎತ್ತಿನಗಾಡಿಯವನಾದ ಕವಾಸ್‌ಜಿ ಟಿಪ್ಪುವಿನ ಸೈನಿಕರ ಕೈಗೆ ಸಿಕ್ಕು ಮೂಗು ಕಳೆದುಕೊಂಡಿದ್ದ. ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಅವನ ಹಣೆಯ ಚರ್ಮವನ್ನೇ ತಿರುಗಿಸಿ ಹೊಸ ಮೂಗು ಕಟ್ಟಿಕೊಟ್ಟ. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದೇ ವಿಧಾನ ಮಾಡಿ ನೋಡಿದರು. ಮೈಸೂರಿನ ಯುದ್ಧದಲ್ಲಿ ಹೋದ ಮೂಗು ಪುಣೆಯಲ್ಲಿ ಸಿಕ್ಕಿತು ಅನ್ನಿ.

ಮೂರನೆಯದು ಹಲ್ಲು. ಅದಕ್ಕೆ ಆಮೇಲೆ ಬರುತ್ತೇನೆ.

ಬಲ ಸೀಳಿನ ಮಕ್ಕಳಲ್ಲಿ ಬೇರೆ ಅಂಗಗಳ ತೊಂದರೆಯೂ ಸ್ವಲ್ಪ ಜಾಸ್ತಿ ಅಂತ ಕೆಲವು ಅಧ್ಯಯನಗಳು ಹೇಳಿವೆ, ಎಲ್ಲವೂ ಹೇಳಿಲ್ಲ. ಬದಿ ಯಾವುದೇ ಇರಲಿ, ಮಗುವಿನ ಹೃದಯ, ಕಿವಿ ಪರೀಕ್ಷೆ ಮಾಡಿಸುವುದು ಹೇಗೂ ವಾಡಿಕೆ. ಅದನ್ನು ಬಿಡಬೇಡಿ. ಎಡ ಸೀಳಿನ ಮಗು ಎಡಚ ಆಗುತ್ತದೆಯೇ ಅಂತಲೂ ಕೇಳುತ್ತಾರೆ. ಇದನ್ನು ಹುಡುಕಿದವರಿದ್ದಾರೆ, ಒಬ್ಬರ ಉತ್ತರ ಇನ್ನೊಬ್ಬರಿಗೆ ಹೊಂದಿಲ್ಲ. ಆದರೂ ತಲೆ ಕೆಡಿಸಿಕೊಳ್ಳುವ ವಿಷಯ ಅದಲ್ಲ.

ಮಾತಿಗೆ ಬದಿಯ ಹಂಗಿಲ್ಲ

ನನ್ನ ಕೆಲಸದ ಕಡೆಯಿಂದ ಹೇಳಬೇಕೆಂದರೆ ಎಡವೋ ಬಲವೋ ಅನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಬೇರೆ ಇದೆ. ಸೀಳು ಎಷ್ಟು ಹಿಂದಿನವರೆಗೆ ಹೋಗಿದೆ? ತುಟಿಯ ಸೀಳು ಎಲ್ಲರಿಗೂ ಕಾಣುತ್ತದೆ. ಹಾಗಾಗಿ ಮನೆಮಂದಿಯ ಚಿಂತೆಯೆಲ್ಲ ಅದರ ಮೇಲೆಯೇ. ಆದರೆ ಮಾತು ನಿಂತಿರುವುದು ಹಿಂದಿನ ಮೆತ್ತನೆ ಅಂಗುಳದ ಮೇಲೆ. 'ಪ', 'ಬ', 'ಟ', 'ಕ', 'ಸ' ಹೇಳುವಾಗ ಅದು ಎದ್ದು ಮೂಗಿನ ದಾರಿ ಮುಚ್ಚಬೇಕು. ಮುಚ್ಚದಿದ್ದರೆ ಗಾಳಿ ಮೂಗಿನಿಂದ ಸೋರುತ್ತದೆ. 'ಪಪ್ಪ' ಅನ್ನಲು ಹೋದ ಮಗುವಿನ ಬಾಯಲ್ಲಿ 'ಮಮ್ಮ' ಬರುತ್ತದೆ. 'ಮ', 'ನ' ಸಲೀಸು, ಅವು ಹೇಗೂ ಮೂಗಿನ ಅಕ್ಷರಗಳು. ಇದರಲ್ಲಿ ಎಡ ಸೀಳಿನ ಮಗು, ಬಲ ಸೀಳಿನ ಮಗು ಎಂದು ಭೇದವಿಲ್ಲ. ಕಣ್ಣುಮುಚ್ಚಿ ಕೇಳಿದರೆ ಬದಿ ಹೇಳಲು ನನಗೆ ಸಾಧ್ಯವಿಲ್ಲ.

ಕಿವಿಯ ಕಥೆಯೂ ಇದೇ. ಅಂಗುಳವನ್ನು ಬಿಗಿಮಾಡುವ ಸ್ನಾಯುವೇ ಕಿವಿಯಿಂದ ಗಂಟಲಿಗೆ ಬರುವ ಕೊಳವೆಯನ್ನೂ ತೆರೆಯುತ್ತದೆ. ಅಂಗುಳ ಸೀಳಿದ ಮಕ್ಕಳಲ್ಲಿ ಅದು ಸರಿಯಾಗಿ ತೆರೆಯದೆ ಮಧ್ಯಕಿವಿಯಲ್ಲಿ ನೀರು ತುಂಬುತ್ತದೆ. ತುಟಿ ಸೀಳು ಎಡಗಡೆ ಮಾತ್ರ ಇದ್ದರೂ ಎರಡೂ ಕಿವಿ ನೋಡಿಸಬೇಕು.

ಗರ್ಭದ 18-20ನೇ ವಾರದ ಸ್ಕ್ಯಾನಿನಲ್ಲಿ ತುಟಿಯ ಸೀಳು ಕಾಣುವ ಸಾಧ್ಯತೆ ಇದೆ, ಬದಿಯೂ ಗೊತ್ತಾಗಬಹುದು. ಅಂಗುಳ ಸೀಳು ಅದರಲ್ಲಿ ಸುಲಭವಾಗಿ ಸಿಗುವುದಿಲ್ಲ. ಹಾಗಾಗಿ ಸ್ಕ್ಯಾನಿನಲ್ಲಿ ತುಟಿ ಸೀಳು ಎಂದಷ್ಟೇ ಬರೆದಿದ್ದರೆ ಅಂಗುಳದ ವಿಷಯ ಹುಟ್ಟಿದ ಮೇಲೆ ಬಾಯಿಯೊಳಗೆ ಟಾರ್ಚ್ ಹಿಡಿದು ನೋಡಿಯೇ ತಿಳಿಯಬೇಕು. ತುಟಿಯ ಆಪರೇಷನ್ ಸಾಮಾನ್ಯವಾಗಿ 3ರಿಂದ 6 ತಿಂಗಳಿಗೆ. 10 ವಾರ ವಯಸ್ಸು, 10 ಪೌಂಡ್ ತೂಕ, 10 ಗ್ರಾಂ ಹಿಮೋಗ್ಲೋಬಿನ್ ಅನ್ನುವ ಹಳೆಯ ಮೂರು ಹತ್ತುಗಳ ಲೆಕ್ಕವನ್ನು ಇಂದಿಗೂ ನೋಡುತ್ತಾರೆ. 10 ಪೌಂಡ್ ಅಂದರೆ ಸುಮಾರು ನಾಲ್ಕೂವರೆ ಕೆ.ಜಿ. ಅಂಗುಳದ ಆಪರೇಷನ್ 9ರಿಂದ 18 ತಿಂಗಳೊಳಗೆ, ಮಾತು ಗಟ್ಟಿಯಾಗುವ ಮೊದಲು. ದುಡ್ಡಿನ ಚಿಂತೆಗೆ ದಾರಿಗಳಿವೆ. ಕೇಂದ್ರ ಸರಕಾರ 2013ರಲ್ಲಿ ಶುರುಮಾಡಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳು ತುಟಿ, ಸೀಳು ಅಂಗುಳ ಎರಡೂ ಇವೆ, 18 ವರ್ಷದವರೆಗಿನ ಮಕ್ಕಳಿಗೆ. ಕರ್ನಾಟಕದಲ್ಲೂ ಅದು ಇದೆ, ಮಹಾರಾಷ್ಟ್ರ, ಗೋವಾದಲ್ಲೂ ಇದೆ. ಸ್ಮೈಲ್ ಟ್ರೇನ್ ಸಂಸ್ಥೆಯ ನೆರವಿನಿಂದ ಉಚಿತವಾಗಿ ಮಾಡುವ ಆಸ್ಪತ್ರೆಗಳೂ ಹಲವು.

ಈಗ ಹಲ್ಲಿನ ವಿಷಯ. ತುಟಿ ಹೊಲಿದು, ಅಂಗುಳ ಹೊಲಿದು, ಮಗು ಶಾಲೆಗೆ ಹೋಗುತ್ತಿದ್ದಂತೆ ಎಷ್ಟೋ ಮನೆಯವರು ಎಲ್ಲ ಮುಗಿಯಿತು ಅಂತ ಆಸ್ಪತ್ರೆಯ ದಾರಿ ಮರೆಯುತ್ತಾರೆ. ಒಸಡಿನ ಮೂಳೆಯ ಸೀಳು ಹಾಗೇ ಉಳಿದಿರುತ್ತದೆ. ಸೀಳಿದ ಬದಿಯಲ್ಲಿ ಮುಂದಿನ ಎರಡನೇ ಹಲ್ಲು ಹುಟ್ಟದೇ ಇರುವುದು, ಕಡ್ಡಿಯಷ್ಟು ಸಣ್ಣದಾಗಿರುವುದು ಮಾಮೂಲು. ಹಲ್ಲಿನ ಡಾಕ್ಟರ ಲೆಕ್ಕದಲ್ಲಿ ಎಡ ಸೀಳಿಗೆ ಅದು 22ನೇ ನಂಬರಿನ ಹಲ್ಲು, ಬಲ ಸೀಳಿಗೆ 12. ಅದರ ಪಕ್ಕದ ಕೋರೆಹಲ್ಲು, ಎಡಕ್ಕೆ 23, ಬಲಕ್ಕೆ 13, ಕೆಳಗಿಳಿಯಲು ಮೂಳೆ ಬೇಕು. ಅದಕ್ಕೇ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಇಳಿಯುವ ಮುಂಚೆ, ಸೊಂಟದ ಮೂಳೆಯಿಂದ ಸ್ವಲ್ಪ ತೆಗೆದು ಆ ಸೀಳಿಗೆ ತುಂಬುತ್ತಾರೆ. ಮಗುವಿಗೆ ಏಳು ತುಂಬಿದ ಕೂಡಲೇ ಹಳೇ ಕೇಸ್ ಪೇಪರ್ ಹಿಡಿದು ಹೋಗಿ ಒಂದು ಎಕ್ಸ್‌ರೇ ತೆಗೆಸಿ. ಮುಂಬೈಯಲ್ಲಾದರೆ ನಾಯರ್ ಡೆಂಟಲ್ ಕಾಲೇಜಿದೆ, ಬೇರೆ ಊರಿನಲ್ಲಾದರೆ ಹತ್ತಿರದ ಸರಕಾರಿ ಡೆಂಟಲ್ ಕಾಲೇಜಿನಲ್ಲಿ ಕೇಳಿ. ಕೋರೆಹಲ್ಲು ಇಳಿದುಬಿಟ್ಟ ಮೇಲೆ ಮೂಳೆ ತುಂಬಿದರೆ ಅದು ಅಷ್ಟು ಚೆನ್ನಾಗಿ ನಿಲ್ಲುವುದಿಲ್ಲ.